ಕುದಿನಲ್ಲಿಗೆ ಅರ್ಜಿ

ಬೆಳಿಗ್ಗೆ ಆರು ಗಂಟೆಗೆ ಎದುರು ಮನೆಯ ಚೂಡಾಮಣಮ್ಮ ಬಂದು ನಮ್ಮ ಅಡುಗೆಮನೆಯ ಮಣೆಯ ಮೇಲೆ ಕೂರುತ್ತಿದ್ದರು. ಆಮೇಲೆ ನೀರು ಕುದಿಯುತ್ತಿತ್ತು. ನಮ್ಮ ಊರಿನಲ್ಲಿ ಮನೆಯವರಷ್ಟೇ ಇರುವ ಅಡುಗೆಮನೆಯಲ್ಲಿ ನೀರು ಬೆಚ್ಚಗಾಗುತ್ತದೆ, ಬಿಸಿಯಾಗುತ್ತದೆ, ಕೈ ಸುಡುವಷ್ಟೂ ಆಗುತ್ತದೆ, ಆದರೆ ಕುದಿಯುವುದಿಲ್ಲ. ಕುದಿಯಬೇಕಾದರೆ ಹೊರಗಿನವರು ಒಬ್ಬರು ಹೊಸ್ತಿಲ ಒಳಗಿರಬೇಕು. ಪಡಸಾಲೆಯಲ್ಲಿ ಕೂತರೆ ಸಾಲದು, ಕಿಟಕಿಯಿಂದ ಇಣುಕಿದರೂ ಸಾಲದು. ಅನ್ನಕ್ಕೆ ಹದಿನೈದು ನಿಮಿಷ ಕೂರಬೇಕು, ಬೇಳೆಗೆ ಅರ್ಧ ಗಂಟೆ. ಹಾಗಾಗಿ ಊರಿನ ಪ್ರತಿ ಮನೆಗೂ ಎದುರಿಗೋ ಪಕ್ಕದಲ್ಲೋ ಒಂದು ಜೋಡಿಮನೆ ಇದೆ. ಅವರು ಬಂದು ಇಲ್ಲಿ ಕೂರುತ್ತಾರೆ, ಇವರು ಹೋಗಿ ಅಲ್ಲಿ ಕೂರುತ್ತಾರೆ. ಜೋಡಿಮನೆಯನ್ನು ಜಾತಿ ನೋಡಿಯೇ ಗೊತ್ತು ಮಾಡುವುದು ಎಂದು ಬೇರೆ ಹೇಳಬೇಕಾಗಿಲ್ಲ. ನೀರಿಗೆ ಹೊರಗಿನವರು ಬೇಕು, ಆದರೆ ತೀರಾ ಹೊರಗಿನವರು ಬೇಡ.

ನಾನು ಎಂ.ಎ. ಓದಲು ಜಿಲ್ಲಾ ಕೇಂದ್ರದ ಹಾಸ್ಟೆಲಿಗೆ ಹೋದಾಗ ಮೊದಲ ವಾರ ಕರೆಂಟಿನ ಕೆಟಲ್ ಮುಂದೆ ನಿಂತು ನೋಡುತ್ತಿದ್ದೆ. ಅಲ್ಲಿ ನೀರು ಯಾರನ್ನೂ ಕೇಳದೆ ಕುದಿಯುತ್ತಿತ್ತು. ರೂಮಿನ ಹುಡುಗಿಯರು ನನಗೆ ಏನೋ ಆಗಿದೆ ಎಂದುಕೊಂಡರು. ಎರಡು ವರ್ಷದ ನಂತರ ಊರಿಗೆ ವಾಪಸಾದಾಗ ಚೂಡಾಮಣಮ್ಮ ಅದೇ ಮಣೆಯ ಮೇಲೆ ಕೂತು, "ಬಂದ್ಯಾ ನೇತ್ರಾ? ಓದಿದ್ದು ಮುಗೀತಾ, ಇಲ್ಲ ಅವರೇ ಸಾಕು ಅಂದ್ರಾ?" ಎಂದು ಕೇಳಿದರು.

ಅವರು ಹಾಗೆಯೇ. ಮಣೆಯ ಮೇಲೆ ಕೂತ ಹತ್ತು ನಿಮಿಷದಲ್ಲಿ ನಮ್ಮ ಮನೆಯ ವರದಿ ಅವರಲ್ಲಿ ಸಿದ್ಧವಾಗುತ್ತಿತ್ತು. ಏಳಕ್ಕೆ ಹಾಲಿನ ಬೂತಿನ ಮುಂದೆ ಅದರ ಬಿಡುಗಡೆ. "ತಿಪ್ಪೇರುದ್ರಪ್ಪನ ಮನೇಲಿ ಇವತ್ತು ಉಪ್ಪಿಟ್ಟು. ಈರುಳ್ಳಿ ಹಾಕಿಲ್ಲ. ಯಾಕೋ ಏನೋ, ನಮಗ್ಯಾಕಪ್ಪ." ತಿಪ್ಪೇರುದ್ರಪ್ಪ ಎಂದರೆ ನಮ್ಮ ಅಪ್ಪ. ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾರೆ. "ನಾವು ತಿಂದು ಕೈ ತೊಳೆಯೋ ಹೊತ್ತಿಗೆ ಊರಿಗೆಲ್ಲ ತೇಗು ಬಂದಿರುತ್ತೆ" ಎಂದು ಅಪ್ಪ ದಿನಾ ಗೊಣಗುತ್ತಿದ್ದರು. ಅಜ್ಜಿಯ ಸಿಟ್ಟು ಬೇರೆಯದಕ್ಕೆ. ದೋಸೆ ಹುಯ್ದ ದಿನ ಅಮ್ಮ ಮೊದಲನೆಯದನ್ನು ಚೂಡಾಮಣಮ್ಮನಿಗೇ ಕೊಡುತ್ತಿದ್ದಳು. "ದೇವರಿಗಿಲ್ಲ, ಗಂಡನಿಗಿಲ್ಲ, ಮೊದಲನೇದು ಅವಳ ಬಾಯಿಗೆ" ಎನ್ನುತ್ತಿದ್ದಳು ಅಜ್ಜಿ. ಅಮ್ಮ ಎರಡನೆಯ ದೋಸೆ ಹುಯ್ಯುತ್ತಿದ್ದಳು.

ಇಂಥ ಊರಿಗೆ ಪುರಸಭೆಯವರು ಕುದಿನಲ್ಲಿ ತಂದರು. ಕೆರೆಯ ಆಚೆ ಒಂದು ದೊಡ್ಡ ಬಾಯ್ಲರ್ ಕಟ್ಟಿ, ಬೇರೆ ಊರಿನ ಒಬ್ಬ ಕಾವಲುಗಾರನನ್ನು ತಂದು ಅದರ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ಅವನು ಕೂತಿದ್ದಷ್ಟು ಹೊತ್ತು ನೀರು ಕುದಿಯುತ್ತದೆ, ಕೊಳವೆಯಲ್ಲಿ ಹೊರಟು ಮನೆಮನೆಯ ನಲ್ಲಿಯಲ್ಲಿ ಹಬೆಯಾಡುತ್ತ ಬೀಳುತ್ತದೆ. ಆದರೆ ನಲ್ಲಿ ಎಲ್ಲರಿಗೂ ಕೊಡುವಷ್ಟಿರಲಿಲ್ಲ. ಅದಕ್ಕೆ ಒಂದು ಷರತ್ತು ಹಾಕಿದರು. ಮನೆಯಲ್ಲೇ ನೀರು ಕುದಿಯುವ ಅನುಕೂಲ ಇದ್ದವರಿಗೆ ನಲ್ಲಿ ಇಲ್ಲ. ರೇಷನ್ ಕಾರ್ಡಿನಲ್ಲಿ ಹೆಸರಿರುವವರೆಲ್ಲ ಅಡುಗೆಮನೆಯಲ್ಲಿ ನಿಲ್ಲಬೇಕು, ಒಲೆಯ ಮೇಲೆ ನೀರಿಡಬೇಕು, ಪುರಸಭೆಯ ನಿರೀಕ್ಷಕ ಹೊಸ್ತಿಲಾಚೆ ಕೂತು ನೋಡಬೇಕು. ಒಂದು ಗಂಟೆಯಾದರೂ ಕುದಿಯದಿದ್ದರೆ ನಲ್ಲಿ ಮಂಜೂರು. ಜೊತೆಗೊಂದು ಪತ್ರ: "ಈ ಮನೆಯಲ್ಲಿ ವಾಸವಾಗಿರುವ ಎಲ್ಲರೂ ಈ ಮನೆಯವರೇ ಎಂದು ದೃಢಪಡಿಸಲಾಗಿದೆ."

ನಲ್ಲಿಯ ನೀರಿಗೆ ತುಕ್ಕಿನ ವಾಸನೆ. ಕಾಫಿಗಿಟ್ಟರೆ ಕಾಫಿ ಕಂದಾಗುವ ಬದಲು ಕಪ್ಪಾಗುತ್ತಿತ್ತು. ನಲ್ಲಿ ಹಾಕಿಸಿಕೊಂಡವರೆಲ್ಲ ವಾರದೊಳಗೆ ಅದಕ್ಕೊಂದು ಬಟ್ಟೆ ಕಟ್ಟಿ, ಹಿತ್ತಿಲ ಬಾಗಿಲಿನಿಂದ ಜೋಡಿಮನೆಯವರನ್ನು ಕರೆಯತೊಡಗಿದರು. ಆದರೆ ಪತ್ರಕ್ಕೆ ಚೌಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದರು. ನೆಂಟಸ್ತಿಕೆಗೆ ಬಂದವರು ಹುಡುಗಿಯನ್ನು ನೋಡುವ ಮೊದಲು ಆ ಗೋಡೆ ನೋಡತೊಡಗಿದರು. ಒಬ್ಬರು ಮದುವೆಯ ಲಗ್ನಪತ್ರಿಕೆಯಲ್ಲೇ "ಕುದಿನಲ್ಲಿ ಪಡೆದ ಮನೆತನ" ಎಂದು ಅಚ್ಚು ಹಾಕಿಸಿದ್ದರು.

ನನಗೂ ಒಂದು ಸಂಬಂಧ ಬಂತು. ಹುಡುಗನ ಸೋದರಮಾವ ಫೋನಿನಲ್ಲಿ ಅಪ್ಪನ ಹತ್ತಿರ, "ಹುಡುಗಿ ಓದಿದಾಳೆ, ಸಂತೋಷ. ನಲ್ಲಿ ಇದೆಯಾ?" ಎಂದು ಕೇಳಿದರು. ಅಪ್ಪ "ಅರ್ಜಿ ಹಾಕಿದೀವಿ" ಎಂದು ಸುಳ್ಳು ಹೇಳಿದರು. ಆಮೇಲೆ ಊಟಕ್ಕೆ ಕೂತಾಗ ವಿಷಯ ತೆಗೆದರು.

"ನಾವೂ ಒಂದು ಹಾಕಿಸಿಬಿಡೋಣ."

"ಮೊದಲು ಹಾಕ್ಸು. ನನ್ನ ಅಡುಗೆಮನೆಗೆ ಕಂಡೋರ ಮನೆ ಧೂಳು ಬರೋದು ತಪ್ಪುತ್ತೆ" ಎಂದಳು ಅಜ್ಜಿ. ಅಜ್ಜಿಯ ಹೆಸರು ಹಾಲಮ್ಮ, ವಯಸ್ಸು ಎಂಬತ್ತೊಂದು, ಮಗ ಕನ್ನಡಕ ಮಾರುತ್ತಿದ್ದರೂ ತಾನು ಹಾಕಿಕೊಳ್ಳುವುದಿಲ್ಲ.

"ನಮಗ್ಯಾಕೆ ಅದು? ತುಕ್ಕು ವಾಸನೆ ಅಂತಾರೆ" ಎಂದಳು ಅಮ್ಮ.

"ನೀರು ಯಾರಿಗೆ ಬೇಕೇ? ಪತ್ರ ಬೇಕು, ಪತ್ರ" ಎಂದರು ಅಪ್ಪ.

"ಪತ್ರ ಇಟ್ಕೊಂಡು ಬೇಳೆ ಬೇಯಿಸೋಕಾಗುತ್ತಾ?"

ಅಪ್ಪ ಅಮ್ಮನನ್ನು ನೋಡಿದರು. ಅಮ್ಮ ಯಾವುದಕ್ಕೂ ಎರಡನೆಯ ಸಲ ಎದುರಾಡುವವಳಲ್ಲ. "ನೀನೇನಂತೀಯ?" ಎಂದು ನನ್ನ ಕಡೆ ತಿರುಗಿದರು. ನನಗೆ ಮದುವೆ ಬೇಕೋ ಬೇಡವೋ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಲ್ಲಿಯ ವಿಷಯವಾದರೂ ಕೇಳಿದರಲ್ಲ ಎಂದುಕೊಂಡು, "ಬೇಡ" ಎಂದೆ. ಮರುದಿನ ಅಪ್ಪ ಅರ್ಜಿ ಕೊಟ್ಟು ಬಂದರು.

ಅದರ ಮಾರನೆಯ ಬೆಳಿಗ್ಗೆ ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಅಮ್ಮ ನನ್ನನ್ನು ಕರೆದಳು. ಒದ್ದೆ ಬೆಡ್‌ಶೀಟಿನ ಒಂದು ತುದಿ ನನ್ನ ಕೈಗೆ ಕೊಟ್ಟು ಇನ್ನೊಂದನ್ನು ತಾನು ಹಿಂಡುತ್ತ, "ನಾನಿದ್ರೆ ಕುದಿಯುತ್ತೆ ಕಣೇ" ಎಂದಳು.

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮಲ್ಲಿ ಹೊಸ ಸೊಸೆ ಬಂದರೆ ಮೊದಮೊದಲು ಅವಳಿಂದಲೇ ನೀರು ಕುದಿಯುತ್ತದೆ, ಜೋಡಿಮನೆಯವರಿಗೆ ರಜೆ. ತಿಂಗಳುಗಳು ಕಳೆದಂತೆ ಅವಳು ಮನೆಯವಳಾಗುತ್ತಾಳೆ, ಒಂದು ದಿನ ನೀರು ಕುದಿಯುವುದು ನಿಲ್ಲುತ್ತದೆ. ಆ ದಿನ ಅತ್ತೆ ಪಾತ್ರೆ ಮುಟ್ಟಿ ನೋಡಿ, ಸೊಸೆಯ ಹಣೆಗೆ ವಿಭೂತಿ ಇಟ್ಟು, ಬೀದಿಗೆಲ್ಲ ಸಜ್ಜಕ ಹಂಚುತ್ತಾಳೆ. ಅದಕ್ಕೆ ತಣಿಶಾಸ್ತ್ರ ಎನ್ನುತ್ತಾರೆ. ವರ್ಷವಾದರೂ ತಣಿಯದ ಸೊಸೆಯನ್ನು ಜನ ಒಂದು ಥರ ನೋಡುತ್ತಾರೆ. ಹಿಂದಿನ ಬೀದಿಯ ಪುಷ್ಪಲತಾ ಎಂಬವಳಿಗೆ ಒಂಬತ್ತು ವರ್ಷವಾದರೂ ಕುದಿಯುತ್ತಿದೆ ಎಂದು ಗೊತ್ತಾಗಿ, ಮಕ್ಕಳನ್ನು ಇಟ್ಟುಕೊಂಡು ಅವಳನ್ನು ತವರಿಗೆ ಕಳಿಸಿದ್ದರು.

"ಮತ್ತೆ ನಿನ್ನ ಶಾಸ್ತ್ರ ಆಗಿತ್ತಲ್ಲ?"

"ಹನ್ನೊಂದು ತಿಂಗಳಾಗಿತ್ತು. ನಿಮ್ಮಜ್ಜಿ ದಿನಾ ಪಾತ್ರೆ ಮುಚ್ಚಳ ತೆಗೆದು ನನ್ನ ಮುಖ ನೋಡೋಳು. ಒಂದಿನ ಸಾಕಾಯ್ತು. ಸೀಮೆಎಣ್ಣೆ ಸ್ಟೌನ ಹತ್ತು ಬತ್ತೀಲಿ ಏಳನ್ನ ಒಳಕ್ಕೆ ಎಳೆದಿಟ್ಟೆ. ಬೆಚ್ಚಗಾಯ್ತು ಅಷ್ಟೆ. ಅವರಿಗೆ ಕಣ್ಣು ಕಾಣಿಸಲ್ಲ. ಸಜ್ಜಕ ಹಂಚಿದ್ರು."

ಅಂದಿನಿಂದ ಅಮ್ಮ ಚೂಡಾಮಣಮ್ಮ ಇಲ್ಲದೆ ಒಲೆ ಹಚ್ಚಿದವಳಲ್ಲ. ತಂಗಿಯ ಮನೆಗೆ ಹೋಗಿ ಒಂಬತ್ತು ವರ್ಷವಾಗಿತ್ತು. ತಾನಿಲ್ಲದಾಗ ಏನಾದರೂ ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆ. ಚೂಡಾಮಣಮ್ಮನಿಗೆ ಮಾತ್ರ ಗೊತ್ತಿತ್ತು. ನಾನು ಎರಡು ವರ್ಷದ ಮಗುವಾಗಿದ್ದಾಗ ಅವರು ಮಣೆಯಿಂದೆದ್ದು ಕರಿಬೇವು ಕೀಳಲು ಹಿತ್ತಿಲಿಗೆ ಹೋಗಿ ಬಂದಿದ್ದರಂತೆ. ವಾಪಸು ಬಂದಾಗ ನೀರು ಇನ್ನೂ ಕುದಿಯುತ್ತಲೇ ಇತ್ತು. ಅಮ್ಮ ಸೌಟು ಹಿಡಿದು ಕಲ್ಲಾಗಿ ನಿಂತಿದ್ದಳು. ಚೂಡಾಮಣಮ್ಮ ಮಣೆಯ ಮೇಲೆ ಕೂತು, "ದಾಕ್ಷಾಯಣಿ, ಇವತ್ತು ಮೊದಲನೇ ದೋಸೆ ನನಗೆ ಹಾಕು" ಎಂದರಂತೆ. ಅಷ್ಟೇ. ಇಪ್ಪತ್ತೊಂದು ವರ್ಷದಿಂದ ಹಾಕುತ್ತಿದ್ದಳು.

"ಕುದಿದ್ರೆ ಕುದೀಲಿ ಬಿಡು" ಎಂದೆ.

"ನೀನು ಓದಿದೋಳು, ಹೇಳ್ತೀಯ. ಕಳಿಸೋದು ನನ್ನನ್ನ. ಐವತ್ತು ವರ್ಷದೋಳು ಎಲ್ಲಿಗೆ ಹೋಗ್ಲಿ? ತವರುಮನೆ ಮಾರಿ ಆಗಿದೆ."

ಆ ದಿನವೇ ಪುರಸಭೆಯ ನೀರು ಶಾಖೆಗೆ ಹೋದೆ. ನಿರೀಕ್ಷಕರ ಹೆಸರು ಕಾಟಯ್ಯ. ಐವತ್ತು ದಾಟಿದ, ಯಾವುದಕ್ಕೂ ಅವಸರ ಪಡದ ಮನುಷ್ಯ. ಅವರ ಮೇಜಿನ ಮೇಲೆ ಥರ್ಮಾಮೀಟರುಗಳು ಪೆನ್ನುಗಳಂತೆ ಲೋಟದಲ್ಲಿ ನಿಂತಿದ್ದವು. ಅರ್ಜಿ ವಾಪಸು ತೆಗೆದುಕೊಳ್ಳಬಹುದೇ ಎಂದು ಕೇಳಿದೆ.

"ಧಾರಾಳವಾಗಿ. ಅರ್ಜಿದಾರರೇ ಬರಬೇಕು. ವಾಪಸ್ ತಗೊಂಡವರ ಪಟ್ಟಿ ಆ ಬೋರ್ಡಿಗೆ ಹಾಕ್ತೀವಿ."

ಬೋರ್ಡು ನೋಡಿದೆ. ಮೂರು ಹೆಸರಿದ್ದವು. ಮೂರಕ್ಕೂ ಯಾರೋ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದಿದ್ದರು.

"ಯಾರಾದರೂ ಒಬ್ಬರು ಆ ದಿನ ಊರಲ್ಲಿ ಇಲ್ಲದಿದ್ರೆ?"

"ಬರೋವರೆಗೂ ಕಾಯ್ತೀವಿ. ನಮಗೇನು ಕೆಲಸ ಹೇಳಿ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಮ್ಮ ಅಂಗಡಿಯದೇ. "ತಂಗೀ, ನಾನು ಇನ್ನೂರು ಅಡುಗೆಮನೆ ನೋಡಿದೀನಿ. ಹೆದರಿಕೊಂಡು ಬಂದು ಕೇಳೋದು ನೀನೇ ಮೊದಲಲ್ಲ."

ಪರೀಕ್ಷೆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಕಾಟಯ್ಯನವರು ಒಂದು ಸ್ಟೂಲು, ಒಂದು ಒಲೆ, ಸೀಲು ಹಾಕಿದ ಸಿಲಿಂಡರು, ಮುಚ್ಚಳವಿಲ್ಲದ ಪಾತ್ರೆ ತಂದಿದ್ದರು. ಬತ್ತಿ ಎಳೆಯುವ ಕಾಲ ಹೋಗಿತ್ತು. ಒಲೆಯನ್ನು ನಮ್ಮ ಕೈಯಿಂದಲೇ ಒಳಗಿಡಿಸಿ, ಉದ್ದನೆಯ ತಂತಿಯ ಥರ್ಮಾಮೀಟರ್ ಪಾತ್ರೆಗೆ ಬಿಡಿಸಿ, ತಾವು ಹೊಸ್ತಿಲಾಚೆ ಸ್ಟೂಲಿನ ಮೇಲೆ ಕೂತರು. ಅವರು ನಮ್ಮ ಜಾತಿಯವರಲ್ಲ. ಈ ಪರೀಕ್ಷೆಯಲ್ಲಿ ಅವರು ಹೊಸ್ತಿಲು ದಾಟಬಾರದು ಎನ್ನುವುದು ಕಾನೂನು. ಉಳಿದ ದಿನ ಅದು ರೂಢಿ. ಅಜ್ಜಿಗೆ ಈ ಕಾನೂನು ಬಹಳ ಹಿಡಿಸಿತು. "ಸರ್ಕಾರಕ್ಕೂ ಮಡಿ ಗೊತ್ತು ನೋಡು" ಎಂದಳು, ಅವರಿಗೆ ಕೇಳುವಂತೆಯೇ. ಕಾಟಯ್ಯ ಕೈಗಡಿಯಾರ ನೋಡಿ ಫಾರಮ್ಮಿನಲ್ಲಿ ಸಮಯ ಬರೆದರು.

ನಾವು ನಾಲ್ವರು ಒಳಗೆ ನಿಂತೆವು. ಅಪ್ಪ ಇಸ್ತ್ರಿ ಅಂಗಿ ಹಾಕಿದ್ದರು. ಅಡುಗೆಮನೆ ಇಷ್ಟು ಚಿಕ್ಕದೇ ಎಂದು ಕೇಳಿದರು. ಅಮ್ಮ ಗೋಡೆಗೆ ಬೆನ್ನು ಕೊಟ್ಟು ಪಾತ್ರೆಯನ್ನೇ ನೋಡುತ್ತಿದ್ದಳು. ಎದುರು ಮನೆಯ ಜಗಲಿಯಲ್ಲಿ ಚೂಡಾಮಣಮ್ಮ ಮೊರದಲ್ಲಿ ಅಕ್ಕಿ ಆರಿಸುವವರಂತೆ ಕೂತಿದ್ದರು; ಮೊರದಲ್ಲಿ ಅಕ್ಕಿ ಇರಲಿಲ್ಲ.

ಹದಿನೆಂಟನೆಯ ನಿಮಿಷಕ್ಕೆ ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಇಪ್ಪತ್ತಕ್ಕೆ ನೀರು ಮಗುಚತೊಡಗಿತು.

"ಕುದೀತಾ ಇದೆ" ಎಂದರು ಕಾಟಯ್ಯ, ಮಳೆ ಬರ್ತಾ ಇದೆ ಎನ್ನುವ ದನಿಯಲ್ಲಿ.

ಅಜ್ಜಿಯ ಬೆರಳು ಅಮ್ಮನ ಕಡೆ ಹೋಗಲು ಒಂದು ಕ್ಷಣವೂ ಬೇಕಾಗಲಿಲ್ಲ. "ನನಗೆ ಅವತ್ತೇ ಅನುಮಾನ ಇತ್ತು! ಮೂರು ತಿಂಗಳಿಗೇ ತಣೀಬೇಕಾದೋಳು ಹನ್ನೊಂದು ತಿಂಗಳು ತಗೊಂಡ್ಲು. ಇಪ್ಪತ್ತಾರು ವರ್ಷ ಕೂರಿಸಿ ಉಣ್ಣಿಸಿದ್ವಿ!"

"ಉಣ್ಣಿಸಿದ್ದು ಯಾರಜ್ಜಿ?" ಎಂದೆ.

ಅಪ್ಪ ಅಮ್ಮನ ಮುಖ ನೋಡಲಿಲ್ಲ. ಇಸ್ತ್ರಿ ಅಂಗಿಯ ತೋಳು ಸರಿಮಾಡಿಕೊಂಡು, "ಇವರೇ, ಇದು ಹೊರಗೆ ಗೊತ್ತಾಗೋದು ಬೇಡ. ಅವಳನ್ನ ಸ್ವಲ್ಪ ದಿನ ತಂಗಿ ಮನೆಗೆ ಕಳಿಸಿದ್ರೆ..." ಎಂದು ಕಾಟಯ್ಯನವರಿಗೆ ಹೇಳತೊಡಗಿದರು. ಇಪ್ಪತ್ತಾರು ವರ್ಷದ ಸಂಸಾರ ಮುಗಿಸಲು ಅಪ್ಪನಿಗೆ ಅರ್ಧ ವಾಕ್ಯ ಸಾಕಾಯಿತು.

"ಆತುರ ಬೇಡ" ಎಂದರು ಕಾಟಯ್ಯ. "ಒಬ್ಬೊಬ್ಬರಾಗಿ ಹೊರಗೆ ಬನ್ನಿ. ಯಾರು ಬಂದಾಗ ಕುದಿ ನಿಲ್ಲುತ್ತೋ ಅವರು ಹೊರಗಿನವರು. ಅದು ಕ್ರಮ."

ಅಜ್ಜಿ ಅಮ್ಮನ ತೋಳು ಹಿಡಿದು ಹೊಸ್ತಿಲಾಚೆ ದೂಡಿದಳು. ಅಮ್ಮ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ನಿಂತಳು. ನಾವೆಲ್ಲ ಪಾತ್ರೆ ನೋಡಿದೆವು. ಐದು ನಿಮಿಷವಾಯಿತು. ನೀರು ಕುದಿಯುತ್ತಲೇ ಇತ್ತು.

"ಈ ಹುಡುಗಿ!" ಎಂದಳು ಅಜ್ಜಿ. "ಹಾಸ್ಟೆಲ್ ಊಟ ಮಾಡ್ಕೊಂಡು ಬಂದಿರೋಳು. ಅಲ್ದೆ ನಾಳೆ ಬೇರೆ ಮನೆಗೆ ಹೋಗೋಳು. ಇವಳಿಂದಾನೇ." ನನಗೂ ಹಾಗೆಯೇ ಅನ್ನಿಸಿತು. ಹುಟ್ಟಿದ ದಿನದಿಂದ ಕೇಳಿದ ಮಾತು. ಹೊರಗೆ ಬಂದು ಅಮ್ಮನ ಪಕ್ಕ ನಿಂತೆ. ನೀರು ನಿಲ್ಲಲಿಲ್ಲ.

ಒಳಗೆ ತಾಯಿ ಮಗ ಇಬ್ಬರೇ ಉಳಿದರು. ಅಪ್ಪ ಒರಟಾಗಿ ಕೆಮ್ಮಿ, "ಅಮ್ಮಾ, ನೀನೊಂದು ಸಲ ಹೊರಗೆ ಬಾ" ಎಂದರು.

"ನಾನ್ಯಾಕೆ ಬರ್ಲಿ? ಇದು ನನ್ನ ಮನೆ. ನೀನು ಹೋಗು."

ಅಪ್ಪ ವಿಧೇಯ ಮಗ, ಬಂದರು. ಅಜ್ಜಿ ಒಬ್ಬಳೇ ಪಾತ್ರೆಯ ಮುಂದೆ ನಿಂತಳು. ನೀರು ಮೊದಲಿಗಿಂತ ಜೋರಾಗಿ ಮಗುಚಿತು. ಹನಿಗಳು ಒಲೆಯ ಮೇಲೆ ಬಿದ್ದು ಚುರ್ ಎಂದವು. ಅಜ್ಜಿ ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದಳು. ಆಮೇಲೆ ನೆಲದ ಮೇಲೆ ಕೂತಳು.

"ನಿಮ್ಮ ತಣಿಶಾಸ್ತ್ರ ಯಾವಾಗ ಆಯ್ತು ಅಜ್ಜಿ?" ಕಾಟಯ್ಯ ಪೆನ್ನು ಹಿಡಿದು ಕೇಳಿದರು. "ಫಾರಮ್ಮಲ್ಲಿ ಕೇಳಿದಾರೆ."

"ಆಗ್ಲೇ ಇಲ್ಲ" ಎಂದಳು ಅಜ್ಜಿ. "ಮದುವೆಯಾಗಿ ಎರಡು ತಿಂಗಳಿಗೆ ನಮ್ಮತ್ತೆ ತೀರ್ಕೊಂಡ್ರು. ಆಮೇಲೆ ಯಾರೂ ಕೇಳ್ಲಿಲ್ಲ."

ಅರವತ್ತೈದು ವರ್ಷ ಯಾರೂ ಕೇಳಿರಲಿಲ್ಲ. ಅಮ್ಮ ಕಣ್ಣು ತೆರೆದಳು.

ಅಪ್ಪನಿಗೆ ಮಾತ್ರ ಮುಖದಲ್ಲಿ ಗೆಲುವು ಬಂತು. "ನೋಡಿ, ಹೆಂಗಸರು ಏನಿದ್ರೂ ಬೇರೆ ಕಡೆಯಿಂದ ಬಂದೋರು, ಇಲ್ಲ ಬೇರೆ ಕಡೆಗೆ ಹೋಗೋರು. ನಾನಂತೂ ಇದೇ ಮನೇಲಿ ಹುಟ್ಟಿದವನು. ನನ್ನದೇನೂ ನೋಡೋದು ಬೇಡ."

"ನೋಡೇಬಿಡೋಣ ಸಾರ್. ನಾಲ್ಕು ಕಾಲಂ ಇದೆ, ಖಾಲಿ ಬಿಡಂಗಿಲ್ಲ."

ಅಜ್ಜಿಯನ್ನು ಎಬ್ಬಿಸಿ ಹೊರಗೆ ತಂದೆವು. ಅಪ್ಪ ಒಳಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ನೀರು ಅವರನ್ನು ಕಂಡು ಕೊಂಚವೂ ಸಂಕೋಚಪಡಲಿಲ್ಲ. ಎರಡು ನಿಮಿಷ ನೋಡಿ, "ಉರಿ ಜಾಸ್ತಿ ಇರಬೇಕು. ಇದನ್ನ ಕಡಿಮೆ ಮಾಡೋದು ಹೇಗೆ?" ಎಂದರು. ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸಿದರು, ಉರಿ ಇನ್ನೂ ಎದ್ದಿತು. ಅಪ್ಪ ಅಲ್ಲಿ ಐವತ್ತೆಂಟು ವರ್ಷ ಊಟ ಮಾಡಿದ್ದರು. ಒಲೆ ಮುಟ್ಟಿದ್ದು ಅದೇ ಮೊದಲು.

ನನ್ನನ್ನೂ ಅಮ್ಮನನ್ನೂ ಒಬ್ಬೊಬ್ಬರನ್ನೇ ಒಳಗೆ ಕಳಿಸಿ ನೋಡಿದರು. ಇಬ್ಬರಿಗೂ ಕುದಿಯಿತು. ಅಂದರೆ ನಾಲ್ವರಲ್ಲಿ ಯಾರು ಯಾವಾಗ ಒಲೆ ಹಚ್ಚಿದ್ದರೂ ನಮ್ಮ ಮನೆಯಲ್ಲಿ ಕಾಫಿ ಆಗುತ್ತಿತ್ತು. ಯಾರೂ ಒಬ್ಬರೇ ನಿಂತು ನೋಡಿರಲಿಲ್ಲ, ಅಷ್ಟೇ. ಅಮ್ಮ ನೋಡಿದ್ದಳು, ತಪ್ಪು ತನ್ನದೊಬ್ಬಳದೇ ಎಂದುಕೊಂಡಿದ್ದಳು.

ಕಾಟಯ್ಯ ಫಾರಮ್ಮಿನ ಮೇಲಿಂದ ಪೆನ್ನು ಎತ್ತಿದರು. "ಒಬ್ಬಿಬ್ಬರು ಹೊರಗಿನವರು ಇರೋ ಮನೆ ಬೇಕಾದಷ್ಟು ನೋಡಿದೀನಿ. ನಲ್ಲಿ ಇಲ್ಲ ಅಂತ ಬರೆದು ಬಂದಿದೀನಿ. ಆದ್ರೆ ಮನೆಯವರು ಅನ್ನೋ ಕಾಲಂಗೆ ಸೊನ್ನೆ ಬರೆದ್ರೆ ಇದು ಮನೆ ಆಗಲ್ಲ ಸಾರ್."

"ಮತ್ತೇನಾಗುತ್ತೆ?"

"ವಸತಿಗೃಹ. ಲಾಡ್ಜು."

ಅಷ್ಟು ಹೊತ್ತಿಗೆ ಚೂಡಾಮಣಮ್ಮನಿಗೆ ತಡೆಯಲಾಗಲಿಲ್ಲ. ಖಾಲಿ ಮೊರ ಹಿಡಿದುಕೊಂಡೇ ಬೀದಿ ದಾಟಿ ಬಂದರು. ನಾವೆಲ್ಲ ಪಡಸಾಲೆಯಲ್ಲಿ ನಿಂತಿದ್ದನ್ನು ನೋಡಿದರು, ಅಡುಗೆಮನೆ ಖಾಲಿ ಇದ್ದದ್ದನ್ನು ನೋಡಿದರು, ರೂಢಿಯಂತೆ ನೇರ ಒಳಗೆ ಹೋಗಿ ಮಣೆಯ ಮೇಲೆ ಕೂತು, "ಏನಾಯ್ತು? ಯಾಕೆ ಎಲ್ರೂ ಹೆಣ ಕಾಯೋರ ಥರ ನಿಂತಿದೀರ?" ಎಂದರು.

ಖಾಲಿ ಅಡುಗೆಮನೆಯಲ್ಲಿ ಇಳಿಯತೊಡಗಿದ್ದ ಕುದಿ, ಹೊರಗಿನವರು ಬಂದ ಮೇಲೆ ಮತ್ತೆ ಏಳಬೇಕಿತ್ತು, ಏಳಲಿಲ್ಲ. ಗುಳ್ಳೆಗಳು ಒಡೆದು, ಮೇಲ್ಮೈ ಸಮವಾಗಿ, ಕೊಡದಲ್ಲಿಟ್ಟ ನೀರಿನಂತಾಯಿತು. ಉರಿ ಅಪ್ಪ ಎಬ್ಬಿಸಿದಷ್ಟೇ ಎತ್ತರ ಉರಿಯುತ್ತಿತ್ತು. ಕಾಟಯ್ಯ ಮೊದಲ ಸಲ ಸ್ಟೂಲಿನಿಂದ ಎದ್ದರು. "ಅಮ್ಮಾ, ಸ್ವಲ್ಪ ಹೊರಗೆ ಬನ್ನಿ" ಎಂದು ಚೂಡಾಮಣಮ್ಮನಿಗೂ "ನೀವು ಒಳಗೆ ಹೋಗಿ" ಎಂದು ಅಮ್ಮನಿಗೂ ಹೇಳಿದರು. ಕುದಿಯಿತು. ಅಮ್ಮನನ್ನು ಕರೆದು ಚೂಡಾಮಣಮ್ಮನನ್ನು ಕಳಿಸಿದರು. ನಿಂತಿತು. ಮೂರು ಸಲ ಹಾಗೆ ಮಾಡಿದ ಮೇಲೆ ಥರ್ಮಾಮೀಟರ್ ಸುತ್ತಿಟ್ಟು, "ಇವರೊಬ್ಬರು ಈ ಮನೆಯವರು" ಎಂದರು.

"ಅಯ್ಯೋ, ಬಿಡಿ ಸಾರ್, ನನಗೆ ನನ್ನದೇ ಮನೆ ಇದೆ! ಮಗ ಸೊಸೆ ಇದಾರೆ!" ಎಂದರು ಚೂಡಾಮಣಮ್ಮ. ಆದರೆ ಮಣೆಯಿಂದ ಏಳಲಿಲ್ಲ.

ಕಾಟಯ್ಯ ಅಪ್ಪನಿಗೆ ಎರಡು ದಾರಿ ಹೇಳಿದರು. ಚೂಡಾಮಣಮ್ಮನನ್ನು ಮನೆಯ ಯಜಮಾನಿ ಎಂದು ಬರೆಸಿದರೆ ಇದು ಮನೆಯಾಗಿಯೇ ಉಳಿಯುತ್ತದೆ, ನಲ್ಲಿ ಸಿಗುವುದಿಲ್ಲ. ಯಾರೂ ಇಲ್ಲ ಎಂದು ಬರೆಸಿದರೆ ಲಾಡ್ಜ್. ಲಾಡ್ಜಿಗೆ ಆರೋಗ್ಯ ನಿಯಮದ ಪ್ರಕಾರ ಕುದಿನಲ್ಲಿ ಕಡ್ಡಾಯ.

"ಕಡ್ಡಾಯಾನಾ?" ಎಂದರು ಅಪ್ಪ.

"ಪರೀಕ್ಷೆ ಇಲ್ಲದೆ. ಒಂದು ವಾರದಲ್ಲಿ."

"ನೀರಿನ ಪತ್ರ?"

"ಲಾಡ್ಜಿನ ಪತ್ರ ಕೊಡ್ತೀವಿ. ಅದಕ್ಕೂ ಇದೇ ಸೀಲು."

ಅಪ್ಪ ಮಣೆಯ ಕಡೆ ಒಂದು ಸಲ ನೋಡಿದರು. "ಲಾಡ್ಜ್ ಅಂತಲೇ ಬರ್ಕೊಳ್ಳಿ."

"ಮಾನ ಹೋಗುತ್ತಲ್ಲೋ!" ಎಂದಳು ಅಜ್ಜಿ.

"ನಲ್ಲಿ ಬರುತ್ತಲ್ಲಮ್ಮ. ಬೋರ್ಡು ಚಿಕ್ಕದಾಗಿ ಹಾಕಿದ್ರೆ ಆಯ್ತು."

ಬೋರ್ಡನ್ನು ಅಪ್ಪ ಅಂಗಡಿಯಲ್ಲೇ ಬರೆಸಿದರು. ಕಣ್ಣು ಪರೀಕ್ಷೆಯ ಪಟ್ಟಿಯ ಕೊನೆಯ ಸಾಲಿನಷ್ಟು ಚಿಕ್ಕ ಅಕ್ಷರ. ವಾರದೊಳಗೆ ನಲ್ಲಿ ಬಂತು, ತುಕ್ಕಿನ ವಾಸನೆಯೂ ಬಂತು. ಕೋಣೆಗಳಿಗೆ ನಂಬರು ಹಾಕಬೇಕಾಯಿತು. ಅಜ್ಜಿ ದೇವರಕೋಣೆಯ ಪಕ್ಕದ ಎರಡನೆಯ ನಂಬರನ್ನು ಹಟ ಮಾಡಿ ಪಡೆದಳು. ತಂಗುವವರು ಬಂದುಹೋಗುವುದನ್ನು ಬರೆಯಲು ಪಡಸಾಲೆಯಲ್ಲಿ ಮೇಜು, ರಿಜಿಸ್ಟರು ಇಡಬೇಕಾಯಿತು. ಕೊನೆಗೆ ಕಾಟಯ್ಯ ಬಂದು ಒಂದು ವಿಷಯ ಹೇಳುವುದು ಮರೆತಿದ್ದೆ ಎಂದರು. ಲಾಡ್ಜಿಗೆ ಒಬ್ಬ ಮ್ಯಾನೇಜರ್ ಇರಬೇಕು, ತಂಗುವವರು ಮ್ಯಾನೇಜರ್ ಆಗುವ ಹಾಗಿಲ್ಲ, ಅದಕ್ಕೆ ಮನೆಗೆ ಸೇರಿದವರೇ ಆಗಬೇಕು. ಅಪ್ಪ ತಲೆಯ ಮೇಲೆ ಕೈಹೊತ್ತು ಕೂತರು. ಮರುದಿನ ಬೆಳಿಗ್ಗೆ ಆರಕ್ಕೆ ಚೂಡಾಮಣಮ್ಮ ಬಂದು ಅಡುಗೆಮನೆಯ ಬದಲು ಪಡಸಾಲೆಯ ಮೇಜಿನ ಹಿಂದೆ ಕೂತರು. ರಿಜಿಸ್ಟರಿಗೆ ಹಳದಿ ಕಾಗದದ ರಟ್ಟು ಹಾಕಿ, ಅಪ್ಪ ಅಂಗಡಿಗೆ ಹೊರಟಾಗ, "ಒಂದನೇ ನಂಬರ್, ಹೊರಗೆ ಹೋಗೋದಾದ್ರೆ ಬರೆದು ಹೋಗಬೇಕು" ಎಂದು ಕೂಗಿದರು.

ಹುಡುಗನ ಕಡೆಯವರು ಬಂದು ನಲ್ಲಿ ತಿರುಗಿಸಿ ನೋಡಿ ತಲೆಯಾಡಿಸಿದರು. ಹೊರಡುವಾಗ ಸೋದರಮಾವ ಜೇಬಿನಿಂದ ಕನ್ನಡಕ ತೆಗೆದು ಬೋರ್ಡು ಓದಿದರು. ಮತ್ತೆ ಫೋನು ಬರಲಿಲ್ಲ. ನಾನು ಒಂದು ಖಾಸಗಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ನಾಲ್ಕನೆಯ ನಂಬರಿನವಳು ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಐದಕ್ಕೆ ಬರುತ್ತಾಳೆ ಎಂದು ರಿಜಿಸ್ಟರಿನಲ್ಲಿ ಇದೆ.

ಅಮ್ಮನನ್ನು ಕಳಿಸುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಕಳಿಸುವವರು ಮೊದಲು ಮನೆಯವರಾಗಿರಬೇಕಲ್ಲ. ಅವಳು ಹನ್ನೊಂದು ದಿನ ಬೇಕೆಂದಾಗ ಒಲೆ ಹಚ್ಚುತ್ತಿದ್ದಳು, ಒಬ್ಬಳೇ ನಿಂತು ನೀರು ಕುದಿಯುವುದನ್ನು ನೋಡುತ್ತಿದ್ದಳು. ನಾವು ತಿನ್ನುವ ಹೊತ್ತಿಗೆ ಅವಳದು ಮುಗಿದಿರುತ್ತಿತ್ತು. ಹನ್ನೆರಡನೆಯ ದಿನ, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಒಂದು ಬ್ಯಾಗು ಹಿಡಿದು ಪಡಸಾಲೆಗೆ ಬಂದಳು. ನಾನು ಕಿಟಕಿಯ ಹತ್ತಿರ ಪರೀಕ್ಷೆಯ ಪೇಪರುಗಳನ್ನು ತಿದ್ದುತ್ತಿದ್ದೆ.

"ಎಲ್ಲಿಗೆ ದಾಕ್ಷಾಯಣಿ?" ಎಂದರು ಚೂಡಾಮಣಮ್ಮ.

"ಆ ಕಾಲಂ ಇದೆಯಾ ಅಕ್ಕ?"

"ಇದೆ. ಎಲ್ಲಿಗೆ, ಯಾತಕ್ಕೆ, ಎಷ್ಟು ಗಂಟೆಗೆ."

ಅಮ್ಮ ಬಗ್ಗಿ ಬರೆದಳು. ಅವಳ ಅಕ್ಷರ ಚೆನ್ನಾಗಿದೆ ಎಂದು ನನಗೆ ಅಂದೇ ಗೊತ್ತಾಗಿದ್ದು. ಸಹಿ ಹಾಕಿ ಪೆನ್ನು ಮುಚ್ಚಿ ಇಟ್ಟು, ಮೂರನೆಯ ನಂಬರಿನ ಬೀಗದ ಕೈ ಮೇಜಿನ ಮೇಲಿಟ್ಟಳು.

"ವಾಪಸ್ ಬರೋದು ಯಾವಾಗ?"

"ಅದಕ್ಕೆ ಕಾಲಂ ಇದೆಯಾ?"

ಚೂಡಾಮಣಮ್ಮ ಕನ್ನಡಕದೊಳಗಿಂದ ಪುಟದ ಈ ತುದಿಯಿಂದ ಆ ತುದಿಯವರೆಗೂ ನೋಡಿದರು. "ಇಲ್ಲ."

"ಹಾಗಿದ್ರೆ ಬಿಡಿ" ಎಂದಳು ಅಮ್ಮ. ನನ್ನ ತಲೆಯ ಮೇಲೆ ಕೈಯಿಟ್ಟಳು, ಚಪ್ಪಲಿ ಮೆಟ್ಟಿದಳು, ಹೋದಳು. ಬಸ್ ಸ್ಟ್ಯಾಂಡಿನ ತನಕ ಬರಲಾ ಎಂದು ಕೇಳಿದ್ದಕ್ಕೆ ಬೇಡ ಎಂದಳು.

ಮಧ್ಯಾಹ್ನ ಊಟಕ್ಕೆ ಬಂದ ಅಪ್ಪ ಅಡುಗೆಮನೆಗೆ ಹೋಗಿ, ಹಿತ್ತಿಲಿಗೆ ಹೋಗಿ, ಮತ್ತೆ ಪಡಸಾಲೆಗೆ ಬಂದರು. ಅಜ್ಜಿ ಎರಡನೆಯ ನಂಬರಿನಿಂದ ಊಟ ಎಂದು ಕೂಗುತ್ತಿದ್ದಳು. ಅಪ್ಪ ಮೇಜಿನ ಮುಂದೆ ನಿಂತು, ಬೀಗದ ಕೈ ನೋಡಿ, ದನಿ ತಗ್ಗಿಸಿ, "ಚೂಡಾಮಣಮ್ಮ, ಅವಳು ಎಲ್ಲಿಗೆ ಅಂತ ಬರೆದಿದಾಳೆ?" ಎಂದು ಕೇಳಿದರು.

ಹಾಲಿನ ಬೂತಿನ ಮುಂದೆ ಇಪ್ಪತ್ತಾರು ವರ್ಷ ನಮ್ಮ ಮನೆಯ ಈರುಳ್ಳಿಯ ಸುದ್ದಿಯನ್ನೂ ಬಿಡದ ಚೂಡಾಮಣಮ್ಮ ರಿಜಿಸ್ಟರು ಮುಚ್ಚಿ, ಅದರ ಮೇಲೆ ಮೊಣಕೈ ಊರಿದರು.

"ಒಂದನೇ ನಂಬರ್, ತಂಗಿದೋರ ವಿಷಯ ಇನ್ನೊಬ್ಬ ತಂಗಿದೋರಿಗೆ ನಾವು ಹೇಳಂಗಿಲ್ಲ."